ಸೀಟಿನಡಿಯ ಕೋವಿ

ಹೊಸ ಮನೆಗೆ ಹೋದ ಸೊಸೆ ಮೊದಲು ಅಡುಗೆಮನೆಯ ಮೂಲೆ ನೋಡುವಂತೆ, ನೀಲಾವತಿ ತನ್ನ ಜೀಪಿನ ಹಿಂದಿನ ಸೀಟಿನಡಿ ಗುಡಿಸಲು ಹೋದದ್ದೇ ತಪ್ಪಾಯಿತು. ಹಿಡಿಸೂಡಿಗೆ ಏನೋ ತಾಗಿತು. ಎಳೆದರೆ ಹಳೇ ಬೈರಾಸಿನ ಬಟ್ಟೆ ಸುತ್ತಿದ ಉದ್ದದ ಗಂಟು. ಬಿಚ್ಚಿದರೆ ಕೋವಿ.

ಯಾರೋ ಕಂತು ಕಟ್ಟದ ಜೀಪನ್ನು ಫೈನಾನ್ಸಿನವರು ಎಳೆದು ತಂದು ಹರಾಜಿಗಿಟ್ಟಾಗ ಅವಳು ಹಿಡಿದದ್ದು. ತನಗೆ ಕಂತಿನ ರಗಳೆಯೇ ಬೇಡವೆಂದು ಬಳೆ ಮಾರಿ ಪೂರ್ತಿ ದುಡ್ಡು ಕೊಟ್ಟಿದ್ದಳು. ಬಂಟ್ವಾಳದಲ್ಲಿ ಮದುವೆಮನೆಗಳಿಗೆ ಹಂಡೆ, ಕಡಾಯಿ ಬಾಡಿಗೆಗೆ ಕೊಡುವ ಕೆಲಸ ಅವಳದು. ಸಾಗಾಟಕ್ಕೆ ಇಷ್ಟು ವರ್ಷ ನೆರೆಮನೆಯ ಶೋಧನನ ಟೆಂಪೊ ಕಾದದ್ದೇ ಕಾದದ್ದು. ಅವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆ ಮಾವನ ಹೆಸರಲ್ಲಿ, ಅಂಗಡಿ ಗಂಡನ ಹೆಸರಲ್ಲಿ. ಅವಳ ಹೆಸರಿಗೆ ಬಂದ ಮೊದಲ ವಸ್ತುವೆಂದರೆ ಈ ಜೀಪು. ನಾಳೆ ಬೆಳಿಗ್ಗೆ ಮೂಡುಬಿದಿರೆಯ ಮದುವೆಮನೆಗೆ ಹಂಡೆಗಳನ್ನು ತಾನೇ ಓಡಿಸಿಕೊಂಡು ಮುಟ್ಟಿಸಬೇಕು. “ಇನ್ನು ನಿನ್ನ ಟೆಂಪೊ ಬೇಡ ಮಾರಾಯ” ಎಂದು ಶೋಧನನಿಗೆ ಹೇಳಿಯೂ ಆಗಿತ್ತು.

ಕೋವಿಯ ಸುದ್ದಿ ಬೇಲಿ ಹಾರಲು ಗುಂಡೇನೂ ಬೇಕಾಗಲಿಲ್ಲ. ಪಕ್ಕದ ಮನೆಯ ನಫೀಸಮ್ಮ ಚಾದ ಗ್ಲಾಸು ಹಿಡಿದುಕೊಂಡೇ ಬಂದರು.

“ಹೊಳೆಗೆ ಹಾಕು ಮಾರಾಯ್ತಿ. ನೇತ್ರಾವತಿ ಯಾರ ಹತ್ರವೂ ಲೈಸನ್ಸ್ ಕೇಳುದಿಲ್ಲ.”

“ಮಳೆಗಾಲದಲ್ಲಿ ಅದೇ ಹೊಳೆ ಅದನ್ನು ತಂದು ನಿಮ್ಮ ಜಗಲಿಯಲ್ಲಿ ಇಡ್ತದೆ” ಎಂದ ಶೋಧನ್. ಅವನು ಯಾವಾಗ ಬಂದನೋ. “ಪೊಲೀಸಿಗೆ ಹೇಳಿದ್ರೆ ಕೋವಿ ಜೊತೆ ಜೀಪೂ ಒಳಗೆ. ಕೇಸು ಮುಗಿಯುವಾಗ ಬಾನೆಟ್ಟಿನ ಮೇಲೆ ಹಲಸಿನ ಗಿಡ ಹುಟ್ಟಿರ್ತದೆ ಅಕ್ಕ.” ಸ್ವರದಲ್ಲಿ ಕನಿಕರವಿತ್ತು, ಮುಖದಲ್ಲಿ ಟೆಂಪೊದ ಬಾಡಿಗೆ.

ನೀಲಾವತಿ ಸೆರಗು ಸಿಕ್ಕಿಸಿದಳು. ಜೀಪು ನನ್ನದು, ಕೋವಿ ನನ್ನದಲ್ಲ. ಕತ್ತಲಾಗುವ ಮೊದಲು ಅದು ಯಾರದೋ ಅವರಿಗೆ ಮುಟ್ಟಿಸಿಯೇ ಸಿದ್ಧ.

ಫೈನಾನ್ಸಿನ ಆಫೀಸಿನಲ್ಲಿ ಗಂಟು ಬಿಚ್ಚಿದ್ದೇ ತಡ, ಮ್ಯಾನೇಜರ್ ಕುರ್ಚಿಯನ್ನು ಹಿಂದೆ ತಳ್ಳಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಬಿತ್ತು. ನಾವು ಎಳೆದದ್ದು ಜೀಪನ್ನು ಮಾತ್ರ, ಇದ್ದ ಹಾಗೆಯೇ ಕೊಂಡದ್ದು ನೀವು, ಆದ್ದರಿಂದ ಒಳಗಿದ್ದದ್ದೂ ನಿಮ್ಮದೇ ಎಂದು ಅವನ ವಾದ.

“ಹಾಗಾದ್ರೆ ಸೀಟಿನಡಿ ಒಬ್ಬ ಗಂಡಸು ಮಲಗಿದ್ರೆ ಅವನೂ ನನ್ನವನಾ?” ಎಂದು ಕೇಳಿದಳು ನೀಲಾವತಿ.

ಮ್ಯಾನೇಜರ್ ಹಳೇ ಯಜಮಾನನ ವಿಳಾಸ ಬರೆದುಕೊಟ್ಟ. ಬೆಳ್ತಂಗಡಿಯ ಆಚೆ, ಅಣ್ಣು ಶೆಟ್ಟಿ.

ತುಂಬಿದ ಬಸುರಿಯನ್ನು ಕೂರಿಸಿಕೊಂಡವಳಂತೆ ಹಂಪುಗಳ ಮೇಲೆ ಮೆಲ್ಲಗೆ ಹತ್ತಿಸಿ ಇಳಿಸಿ, ಅವಳು ಶೆಟ್ಟರ ಅಂಗಳ ಮುಟ್ಟಿದಳು. ಜೀಪು ನಿಲ್ಲುವ ಮೊದಲೇ ಅವರ ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದರು.

“ಬಂತಾ ನಮ್ಮ ಜೀಪು? ಎಲೆಕ್ಷನ್ ಮುಗಿದು ಎಷ್ಟು ಕಾಲ ಆಯ್ತು. ಡ್ರೈವರ್ ಹೆಂಗಸು ಬೇರೆ. ಪರವಾಗಿಲ್ಲ ಸರ್ಕಾರ.”

ತಪ್ಪಿಸಿಕೊಂಡು ಹೋಗಿದ್ದ ದನ ಮರಳಿದ ಹಾಗೆ ಅವರು ಬಾನೆಟ್ಟನ್ನು ಸವರಿದರು. ನೀಲಾವತಿ ಬಾಯಿ ತೆರೆಯುವಷ್ಟರಲ್ಲಿ ಅಣ್ಣು ಶೆಟ್ಟರು ಅವಳನ್ನು ಬೈಹುಲ್ಲಿನ ಮರೆಗೆ ಕರೆದೊಯ್ದು ಕೈಮುಗಿದರು.

ಮಂಗಗಳನ್ನು ಓಡಿಸಲೆಂದು ಲೈಸನ್ಸ್ ಪಡೆದು ಇಟ್ಟುಕೊಂಡ ಕೋವಿ ಅದು. ಚುನಾವಣೆ ಬಂತೆಂದರೆ ಊರಿನ ಕೋವಿಗಳೆಲ್ಲ ಪೊಲೀಸ್ ಸ್ಟೇಷನ್ನಿನಲ್ಲಿ ಠೇವಣಿಯಾಗಬೇಕು. ಹಾಗೆ ಒಯ್ಯುವಾಗಲೇ ಉಜಿರೆಯ ಹತ್ತಿರ ಫೈನಾನ್ಸಿನವರು ಅಡ್ಡಹಾಕಿ ಜೀಪು ಎಳೆದಿದ್ದರು. ಮರ್ಯಾದೆ ಹೋದ ಗಾಬರಿಯಲ್ಲಿ ಕೋವಿಯ ನೆನಪಾಗಲಿಲ್ಲ. ನೆನಪಾದ ಮೇಲೆ ಕೇಳುವ ಧೈರ್ಯವಾಗಲಿಲ್ಲ. ಮನೆಯಲ್ಲಿ ಮಾತ್ರ, ಕೋವಿಯ ಜೊತೆ ಜೀಪನ್ನೂ ಎಲೆಕ್ಷನ್ ಡ್ಯೂಟಿಗೆ ಇಟ್ಟುಕೊಂಡರು ಎಂದಿದ್ದರು.

“ಇಷ್ಟು ದಿನವಾ?”

“ಮರು ಎಣಿಕೆ ಅಂತ ಹೇಳಿದ್ದೇನೆ ಅಕ್ಕ. ಈಗ ಕೋವಿ ಮನೆಗೆ ಬಂದ್ರೆ ಜೀಪೂ ಬರಬೇಕಲ್ಲ? ಇನ್ನೊಂದು ಎಲೆಕ್ಷನ್ ತನಕ ನೀವೇ ಇಟ್ಟುಕೊಳ್ಳಿ.”

ನೀಲಾವತಿ ಅಂಗಳದ ಕಡೆ ನೋಡಿದಳು. ಆ ಹೆಂಗಸು ಸೆರಗಿನ ತುದಿಯಿಂದ ಹೆಡ್‌ಲೈಟಿನ ಕೆಸರು ಒರೆಸುತ್ತಿದ್ದರು. ಬೆಳಿಗ್ಗೆ ಅದೇ ಹೆಡ್‌ಲೈಟನ್ನು, ಹಾಗೆಯೇ, ತಾನೂ ಒರೆಸಿದ್ದು. ನಾಲಿಗೆಯ ತುದಿಗೆ ಬಂದಿದ್ದ ಸತ್ಯ ಅಲ್ಲೇ ನಿಂತಿತು. ಆದರೆ ಹಟ ನಿಲ್ಲಲಿಲ್ಲ.

“ಅವರಿಗೆ ನಾನು ಏನೂ ಹೇಳುದಿಲ್ಲ. ನೀವು ಲೈಸನ್ಸ್ ಹಿಡ್ಕೊಂಡು ಈಗಲೇ ಸ್ಟೇಷನ್ನಿಗೆ ಬರಬೇಕು ಶೆಟ್ರೇ.”

ಮತ್ತೊಂದು ಎಲೆಕ್ಷನ್ ಬಂತಂತೆ, ಜೀಪೂ ಕೋವಿಯೂ ಪುನಃ ಬೇಕಂತೆ ಎಂದು ಹೆಂಡತಿಗೆ ಹೇಳಿ ಶೆಟ್ಟರು ತಮ್ಮದೇ ಹಳೇ ಜೀಪಿನ ಹಿಂದಿನ ಸೀಟಿನಲ್ಲಿ ನೆಂಟನಂತೆ ಕುಳಿತರು. ಹೆಂಡತಿ ಗೇಟಿನ ತನಕ ಸರ್ಕಾರಕ್ಕೆ ಶಾಪ ಹಾಕುತ್ತ ಬಂದರು. ಗಂಡಸರ ಬಾಯಿಗೆ ಸುಳ್ಳು ಎಂಜಲಿನಷ್ಟು ಸಲೀಸಾಗಿ ಬರುತ್ತದಲ್ಲ ಎಂದುಕೊಂಡು ನೀಲಾವತಿ ಗೇರು ಹಾಕಿದಳು.

ಸ್ಟೇಷನ್ನಿನಲ್ಲಿ ಹಿಡಿಸೂಡಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಲೈಸನ್ಸನ್ನೂ ಕೋವಿಯನ್ನೂ ತಾಳೆ ನೋಡಿದ ಸಬ್ ಇನ್‌ಸ್ಪೆಕ್ಟರ್ ಶೆಟ್ಟರಿಗೆ ಮನಸಾರೆ ಬೈದ. ಆಮೇಲೆ ನೀಲಾವತಿಯ ಕಡೆ ತಿರುಗಿದ.

“ಹರಾಜಿಗೆ ಬಂದದ್ದು ಜೀಪು ಮೇಡಂ, ಕೋವಿಯಲ್ಲ. ಕೋವಿ ಲೈಸನ್ಸಿನವರದ್ದು, ಜೀಪು ನಿಮ್ಮದು. ನೀವಿನ್ನು ಹೋಗಬಹುದು. ಶೆಟ್ರ ಕೋವಿ ಇಲ್ಲೇ ಇರಲಿ. ಪಂಚಾಯತ್ ಎಲೆಕ್ಷನ್ ಘೋಷಣೆ ಆಗಿದೆ ಇವತ್ತು. ಠೇವಣಿ ಇಟ್ಟವರಲ್ಲಿ ಇವರೇ ಮೊದಲು.”

ಬಿಸಾಡಿದ ಗೊರಟಿನಲ್ಲಿ ಮಾವು ಬಿಟ್ಟದ್ದನ್ನು ಕಂಡವರಂತೆ ಶೆಟ್ಟರು ನಿಂತರು.

ಜೀಪು ನಿಮ್ಮದು. ಸರ್ಕಾರವೇ ಹೇಳಿದ ಆ ಮಾತನ್ನು ಬಾಯಲ್ಲಿ ಬೆಲ್ಲದ ಹಾಗೆ ಇಟ್ಟುಕೊಂಡು ನೀಲಾವತಿ ಹೊರಗೆ ಬಂದಳು. ತಾಲೂಕು ಆಫೀಸಿನ ಒಬ್ಬ ಅವಳ ಜೀಪಿನ ಗಾಜಿಗೆ ಕಾಗದ ಅಂಟಿಸುತ್ತಿದ್ದ. ಹಿಂದಿನ ಎಲೆಕ್ಷನ್ನಿಗೆ ವಾಹನ ಸಿಗದೆ ಆಫೀಸಿನವರು ಬೈಗುಳ ತಿಂದಿದ್ದರಂತೆ. ಈ ಸಲ ಮೊದಲ ದಿನವೇ ಹೊರಟಿದ್ದರು.

“ಗಟ್ಟಿ ಉಂಟು ಜೀಪು. ಗುಡ್ಡದ ಬೂತುಗಳಿಗೆ ಇಂಥದ್ದೇ ಬೇಕು. ಕೀ ಕೊಡಿ ಮೇಡಂ, ಎಣಿಕೆ ಮುಗಿದ ಮೇಲೆ ಬನ್ನಿ.”

ಅವಳು ಮದುವೆಯ ಹಂಡೆ ಹೇಳಿದಳು, ಕಾನೂನು ಹೇಳಿದಳು, ಒಳಗಿನ ಸಬ್ ಇನ್‌ಸ್ಪೆಕ್ಟರನ್ನೇ ಸಾಕ್ಷಿಗೆ ಕರೆದಳು. ಜೀಪು ಅವಳದೆಂದು ಯಾರೂ ಇಲ್ಲವೆನ್ನಲಿಲ್ಲ. ಅವಳದಾದ್ದರಿಂದಲೇ ಆದೇಶವೂ ಅವಳ ಹೆಸರಿಗೇ ಬಂದಿತ್ತು.

“ಮರು ಎಣಿಕೆ ಆಗದಿರಲಿ ಅಕ್ಕ” ಎಂದರು ಶೆಟ್ಟರು, ಹಿಂದಿನಿಂದ, ಮೆಲ್ಲಗೆ.

ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಹಲ್ಲು ಕಚ್ಚಿ, ನೀಲಾವತಿ ಶೋಧನನಿಗೆ ಫೋನು ಮಾಡಿದಳು.

“ನಾಳೆ ಬೆಳಿಗ್ಗೆ ಮೂಡುಬಿದಿರೆಗೆ ಟೆಂಪೊ ಬೇಕಿತ್ತು ಮಾರಾಯ.”

“ಜೀಪು?”

“ಎಲೆಕ್ಷನ್ ಡ್ಯೂಟಿಗೆ ಇಟ್ಟುಕೊಂಡ್ರು.”

“ಈಗ ಯಾವ ಎಲೆಕ್ಷನ್ ಅಕ್ಕ?” ಎಂದಿತು ಆಚೆ ಕಡೆಯ ಸ್ವರ. ಆಮೇಲೆ ಶೋಧನ್ ಹಿಂದೆಂದೂ ಇಲ್ಲದಷ್ಟು ಮೃದುವಾಗಿ ಹೇಳಿದ.

“ಬೇಜಾರು ಮಾಡ್ಬೇಡಿ ಅಕ್ಕ, ನಾನು ಯಾರಿಗೂ ಹೇಳುದಿಲ್ಲ. ಎಷ್ಟು ಕಂತು ಬಾಕಿ ಇತ್ತು?”