ಗಂಧ ಕುಂಕುಮದ ಸಿ.ಡಿ.ಗಳು

ಡಾಕ್ಟರ್ ಶಿವಲಿಂಗಯ್ಯನವರಿಗೆ ಲಾಟರಿ ಹೊಡೆದಿದೆ ಎಂದು ಒಂದು ಈಮೇಲ್ ಬಂತು. ಅದನ್ನು ಮನೆಯಲ್ಲಿ ನೋಡಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಆ ಮಹಾನುಭಾವರು ತೆರೆದದ್ದು ಅಗ್ರಹಾರದ ತಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲಿ, ರೋಗಿಗಳ ಚಿತ್ರಗಳೆಲ್ಲ ತುಂಬಿದ್ದ ಕಂಪ್ಯೂಟರಿನಲ್ಲಿ. ವಿಜಯದಶಮಿಯ ಮಾರನೆಯ ಬೆಳಿಗ್ಗೆ ನೋಡಿದರೆ ಒಂದು ಚಿತ್ರವೂ ತೆರೆಯುತ್ತಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬೆದರಿಕೆ: ಎಲ್ಲಕ್ಕೂ ಬೀಗ ಹಾಕಿದ್ದೇವೆ, ದುಡ್ಡು ಕಳಿಸಿದರೆ ಬೀಗದ ಕೈ ಕೊಡುತ್ತೇವೆ.

ಬೈಗುಳ ಬಿದ್ದದ್ದು ಮಾತ್ರ ಸ್ಕ್ಯಾನ್ ತೆಗೆಯುವ ಸಿದ್ದಲಿಂಗಸ್ವಾಮಿಗೆ.

"ಕಂಪ್ಯೂಟರ್ ನಿಮ್ ಜವಾಬ್ದಾರಿ ಕಣ್ರೀ. ಸಂಜೆಯೊಳಗೆ ಚಿತ್ರ ವಾಪಸ್ ಬರ್ಲಿಲ್ಲ ಅಂದ್ರೆ ನಾಳೆಯಿಂದ ನೀವೂ ಬರ್ಬೇಡಿ," ಎಂದುಬಿಟ್ಟರು ಡಾಕ್ಟರು.

ಸ್ವಾಮಿಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ಇವರದು, ಕೆಲಸ ಹೋಗುವುದು ತನ್ನದೇ? ಆದರೂ ಒಳಗೊಳಗೇ ಧೈರ್ಯವಿತ್ತು. ಇಂಥ ದಿನ ಬಂದೇ ಬರುತ್ತದೆಂದು ಅವನು ದಿನಾ ಎಲ್ಲವನ್ನೂ ಸಿ.ಡಿ.ಗೆ ಹಾಕಿ, ಅದೇ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಬೀರುವಿನಲ್ಲಿ ಜೋಪಾನ ಮಾಡಿದ್ದ. ಪುಕ್ಕಲ ಎಂದು ಆಡಿಕೊಂಡಿದ್ದವರೆಲ್ಲ ಈಗ ನೋಡಲಿ ಎಂದು ಬೀರು ತೆರೆದ.

ಒಂದೊಂದು ಸಿ.ಡಿ.ಯ ಹೊಳೆಯುವ ಮೈಮೇಲೂ ಗಂಧ, ಗಂಧದ ಮೇಲೆ ಕುಂಕುಮ.

ಆಯುಧಪೂಜೆಯ ದಿನ ಇಟ್ಟವಳು ರಸೀದಿ ಬರೆಯುವ ಇಂದ್ರಮ್ಮ. ಇವೇ ನಮ್ಮ ಪ್ರಾಣ ಎಂದು ಸ್ವಾಮಿಯೇ ಹೇಳುತ್ತಿದ್ದನಂತೆ. ಮೆಷಿನ್ನಿಗೆ ಕುಂಬಳಕಾಯಿ ಒಡೆದು, ಪ್ರಾಣಕ್ಕೆ ಒಂದು ಬೊಟ್ಟೂ ಇಡದಿದ್ದರೆ ಹೇಗೆ ಎಂದು ಆಕೆಯ ವಾದ.

"ತಲೇಲಿ ಏನಮ್ಮ ತುಂಬ್ಕೊಂಡಿದೀರ? ನನ್ ಹೊಟ್ಟೆ ಮೇಲೆ ಹೊಡೆದ್ಬುಟ್ರಲ್ಲ," ಎಂದು ಸ್ವಾಮಿ ಹರಿಹಾಯ್ದ. ಪಾಪ, ಇಂದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಲಾಟೆ ಕೇಳಿ ಬೀದಿಯವರು ಬಂದರು, ಸುಮ್ಮನೆ ಬಂದರೇ? ಪಕ್ಕದ ಔಷಧಿ ಅಂಗಡಿಯ ಪುಟ್ಟಸ್ವಾಮಿ ಸ್ಪಿರಿಟ್ ತಂದ. ಒರೆಸಿದಷ್ಟೂ ಕೆಂಪು ಹರಡಿತು. ಎದುರು ಮನೆಯ ಚಾಮುಂಡಮ್ಮ ಹುಣಸೆಹಣ್ಣು ತಂದು, ಪೂಜೆಯ ಪಾತ್ರೆ ಹೊಳೆಯುವುದು ಇದರಿಂದಲೇ ಎಂದು ಒಂದು ಸಿ.ಡಿ.ಯನ್ನು ಉಜ್ಜಿ ಗೀರಿ ಹಾಳು ಮಾಡಿದಳು. ಹೊರಗೆ ಕಾದಿದ್ದ ರೋಗಿಗಳು ಎಲ್ಲರಿಗೂ ಸೇರಿಸಿ ಬೈದರು. ಸ್ವಾಮಿ ಬಾಗಿಲು ಹಾಕಿಕೊಂಡು, ಉಳಿದವನ್ನು ಸೋಪಿನ ನೀರಿನಲ್ಲಿ ಕೂಸಿನಂತೆ ತೊಳೆದು ಒಣಗಿಸಿದ.

ಅಷ್ಟರಲ್ಲಿ ಯಾದವಗಿರಿಯಿಂದ ಕಂಪ್ಯೂಟರ್ ರಿಪೇರಿಯ ಗಗನ ಬಂದು, ಹಳೆಯದನ್ನೆಲ್ಲ ಅಳಿಸಿ ಕಂಪ್ಯೂಟರನ್ನು ಹೊಸದಾಗಿ ಸಿದ್ಧಮಾಡಿದ್ದಳು. ಸಿ.ಡಿ. ಹಾಕಿದರು. ಪರದೆಯ ತುಂಬ ಸಾಲಾಗಿ ರೋಗಿಗಳ ಹೆಸರು ಮೂಡಿತು. ಸ್ವಾಮಿ ಎದೆಯುಬ್ಬಿಸಿ ಡಾಕ್ಟರ ಕಡೆ ತಿರುಗಿದ.

"ಇನ್ಮೇಲೆ ಲಾಟರಿ ಗೀಟರಿ ಎಲ್ಲ ಮನೇಲೇ ನೋಡ್ಕೊಳಿ ಸಾರ್."

ಗಗನ ಒಂದು ಹೆಸರನ್ನು ಒತ್ತಿದಳು. ತೆರೆಯಲಿಲ್ಲ. ಇನ್ನೊಂದು ಒತ್ತಿದಳು, ಅದೂ ತೆರೆಯಲಿಲ್ಲ. ಬೇರೆ ಸಿ.ಡಿ.ಗಳನ್ನೂ ಹಾಕಿ ನೋಡಿ, ಸಂಕೋಚದಿಂದ ಸ್ವಾಮಿಯ ಮುಖ ನೋಡಿದಳು.

"ಸಾರ್, ಇದ್ರಲ್ಲಿ ಚಿತ್ರಾನೇ ಇಲ್ಲ. ಚಿತ್ರ ಈ ಕಂಪ್ಯೂಟರಲ್ಲಿ ಎಲ್ಲಿತ್ತು ಅಂತ ತೋರ್ಸೋ ಶಾರ್ಟ್‌ಕಟ್ ಅಷ್ಟೆ. ಅದಕ್ಕೇ ಮೊದ್ಲು ಹಾಕ್ದಾಗ ತೆರ್ಕೊಳ್ತಿತ್ತು. ಮನೆ ಬಿಟ್ಟು ಬರೀ ಮನೆ ವಿಳಾಸ ಜೋಪಾನ ಮಾಡಿದೀರ."

ಡಾಕ್ಟರು ಕನ್ನಡಕ ತೆಗೆದರು.

"ಹಾಗಾದ್ರೆ ನಿಮ್ಮದೂ ಒಂದು ವಿಳಾಸ ಬರೆದಿಟ್ಟು ಹೊರಡಿ ಸ್ವಾಮಿ. ಈ ತಿಂಗಳ ಸಂಬಳ ಮನಿಯಾರ್ಡರ್ ಮಾಡ್ತೀನಿ."

ಬೆಳಗಿನಿಂದ ಬೈಸಿಕೊಂಡಿದ್ದ ಇಂದ್ರಮ್ಮ, ಯಾರೂ ಕೇಳದೆಯೇ, ಪೆನ್ನು ತಂದುಕೊಟ್ಟಳು.