ಬೀಗರ ಜೀಪಿಗೆ ಉಪ್ಪಿನಕಾಯಿ ಶಾಸ್ತ್ರ

ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಒಂದೇ ಸಲಕ್ಕೆ ಪಾಸಾದವನು ನಾನು. ಆದ್ದರಿಂದ ಕುಪ್ಪೇಲೂರಿನ ಬೀಗರು ತಮ್ಮ ಹಳೆಯ ಡೀಸೆಲ್ ಜೀಪನ್ನು ನನ್ನ ವಶಕ್ಕೆ ಒಪ್ಪಿಸಿ ಕಾಶಿಗೆ ಹೊರಟಾಗ ನನಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಯೋಗ್ಯರ ಕೈಗೆ ಯೋಗ್ಯ ವಸ್ತು!

“ಬೀಗರ, ನಿಮ್ಮ ಹೊಲದ ದಾರಿ ಹಳ್ಳದಾಗ ಐತಿ. ಇಂಜಿನ್ನಿಗೆ ಮರಳು, ಮಣ್ಣು ಹೋಗದಂಗ ನೋಡ್ಕೋರಿ. ಹೋತಂದ್ರ ಅದರ ಕಥಿ ಮುಗೀತು,” ಎಂದು ಕೈಮುಗಿದರು.

ನನ್ನ ಹೆಂಡತಿ ಗಿರಿಜವ್ವ ಅಂದೇ ಎಚ್ಚರಿಸಿದಳು. “ಮಗಳನ್ನ ಕೊಟ್ಟ ಮನಿ ಗಾಡಿ. ಏನರ ಆದ್ರ ಆಕಿ ಅತ್ತಿ ಮುಂದ ಹೆಂಗ ಮಾರಿ ಎತ್ತಬೇಕು?”

ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ಹಳ್ಳದಲ್ಲಿ ಧೂಳೆದ್ದರೆ ನನ್ನ ಎದೆಯಲ್ಲೇ ಮರಳು ಕರಕರ ಎನ್ನುತ್ತಿತ್ತು. ಐದನೆಯ ದಿನ ತಡೆಯಲಾಗದೆ ಬಾನೆಟ್ ಎತ್ತಿದೆ. ಇಂಜಿನ್ನು ಉಸಿರೆಳೆಯುವ ಕಡೆ ಒಂದು ಡಬ್ಬಿ. ಅದರ ತಳದಲ್ಲಿ ಎಣ್ಣೆ. ಗಾಳಿಯ ಜೊತೆ ಬಂದ ಮಣ್ಣು ಆ ಎಣ್ಣೆಗೆ ಅಂಟಿ ಅಲ್ಲೇ ಉಳಿಯಬೇಕು. ಕೆಸರಾಗಿದ್ದ ಹಳೆಯ ಎಣ್ಣೆ ಚೆಲ್ಲಿ, ಡಬ್ಬಿಯನ್ನು ಬೆಳ್ಳಿಬಟ್ಟಲಿನಂತೆ ತೊಳೆದೆ. ಇಲ್ಲಿಯವರೆಗೆ ನಾನು ನಿರಪರಾಧಿ.

ಡಬ್ಬಿಯೊಳಗೆ ಒಂದು ಗೆರೆಯಿತ್ತು. ಹೊಸ ಎಣ್ಣೆ ಅಷ್ಟೇ ಇರಬೇಕಂತೆ. ಎರಡೇ ಬೆರಳು! ನಮ್ಮ ಮನೆಯಲ್ಲಿ ಮಾವಿನ ಉಪ್ಪಿನಕಾಯಿಯ ಭರಣಿಯಲ್ಲಿ ಹೋಳಿನ ಮೇಲೆ ನಾಲ್ಕು ಬೆರಳು ಎಣ್ಣೆ ನಿಲ್ಲದಿದ್ದರೆ ಬೂಸ್ಟು ಬರುತ್ತದೆ. ಬರೀ ಕಾಯಿಗೇ ಅಷ್ಟು ಬೇಕಾದರೆ ಬೀಗರ ಇಂಜಿನ್ನಿಗೆ ಎಷ್ಟು ಬೇಡ? ಕಂಠಮಟ್ಟ ಸುರಿದೆ.

“ಗೆರಿ ಕಾಣವಲ್ದಲ್ರಿ?” ಎಂದಳು ಗಿರಿಜವ್ವ.

“ಗೆರಿ ಎಣ್ಣಿ ಉಳಸೂ ಜೀನರಿಗೆ ಹಾಕಿರತಾರ. ನೀ ಸುಮ್ಕಿರು.”

ಮರುದಿನ ಶನಿವಾರ. ಬ್ಯಾಡಗಿಯಿಂದ ಕದರಮಂಡಲಗಿಯ ಆಂಜನೇಯನಿಗೆ ಹೊರಟೆವು. ಊರು ಇನ್ನೂ ಒಂದು ಮೈಲಿ ಇದ್ದಾಗ ಇಂಜಿನ್ನು ಇದ್ದಕ್ಕಿದ್ದಂತೆ ಚೀರತೊಡಗಿತು. ಎಕ್ಸಲರೇಟರಿನಿಂದ ಕಾಲು ತೆಗೆದೆ. ಇನ್ನೂ ಜೋರು! ಹೇಗೋ ಗೇರ್ ತಪ್ಪಿಸಿ, ಬ್ರೇಕ್ ಒತ್ತಿ ನಿಲ್ಲಿಸಿ, ಕೀಲಿ ಕಿತ್ತೆ. ಕೀಲಿ ನನ್ನ ಕೈಯಲ್ಲಿತ್ತು. ಇಂಜಿನ್ನು ಓಡುತ್ತಲೇ ಇತ್ತು!

ಹಿಂದೆ ಹೊಗೆಯಲ್ಲಿ ರಸ್ತೆಯೇ ಮಾಯವಾಯಿತು. ನಾನು ಕೆಳಗಿಳಿದು, ಚಪ್ಪಲಿ ಕಳಚಿ, ಗುಡಿಯ ದಿಕ್ಕಿಗೆ ಕೈಮುಗಿದು ನಿಂತೆ. ವಿಜ್ಞಾನದಲ್ಲಿ ಪಾಸಾದವನು ಮಾಡಿದ್ದು ಅಷ್ಟೇ.

“ದೇವರಿಗೆ ಆಮ್ಯಾಲ ಮುಗೀರಂತ, ಮೊದ್ಲ ಬಾನೆಟ್ ಎತ್ರಿ!” ಎಂದು ಕೂಗಿದ ಗಿರಿಜವ್ವ, ನೀರಿನ ಕ್ಯಾನಿಗೆ ಸುತ್ತಿದ್ದ ಹಸಿ ಗೋಣಿಚೀಲ ಬಿಚ್ಚಿ ತಂದಳು. “ಇದು ಗಾಳಿ ಎಳಿಯೂ ಬಾಯಿ ಎಲ್ಲೈತಿ?”

ಎಣ್ಣೆ ಡಬ್ಬಿಯ ಬಾಯಿ ತೋರಿಸಿದೆ. ಚೀಲವನ್ನು ಅಲ್ಲಿಗೆ ಸುತ್ತಿ ಬಿಗಿಯಾಗಿ ಅದುಮಿದಳು. ಗಾಳಿ ಸಿಗದೆ ಜೀಪು ಒಮ್ಮೆ ಮೈ ಕೊಡವಿ, ಬಿಕ್ಕಿ, ಸತ್ತಂತೆ ನಿಂತಿತು.

“ಒಲಿ ಆರಿಸೂದು ಇದರಕಿಂತ ಕಠಿಣ ಐತಿ,” ಎಂದಳು.

ಫೋನ್ ಮಾಡಿದ ಮೇಲೆ ಮೋಟೆಬೆನ್ನೂರಿನಿಂದ ಗ್ಯಾರೇಜಿನ ಮೇಸ್ತ್ರಿ ಬಂದ. ಡಬ್ಬಿ ಬಿಚ್ಚಿ ನೋಡಿದ. ನಾನು ಸುರಿದ ಎಣ್ಣೆಯನ್ನು ಇಂಜಿನ್ನೇ ಹೀರಿಕೊಂಡು, ಅದನ್ನೇ ಉರಿಸಿಕೊಂಡು ಓಡಿತ್ತಂತೆ. ಒಂದು ತಾಸು ತಿಣುಕಿ, ಒರೆಸಿ, ಮತ್ತೆ ಚಾಲು ಮಾಡಿದ. ಪುಣ್ಯಕ್ಕೆ ಇಂಜಿನ್ನು ಉಳಿದಿತ್ತು.

“ಕಾಕಾ, ಮಣ್ಣಿಂದ ಇಂಜಿನ್ ನೀವು ಉಳಿಸೀರಿ, ಖರೇ. ನಿಮ್ಮಿಂದ ಉಳಿಸಿದಾಕಿ ನಮ್ಮ ಕಾಕಿ!” ಎಂದ ಮೇಸ್ತ್ರಿ.

ಇದುವರೆಗಿನದು ದಡ್ಡತನ. ಪಾಪ ಮುಂದಿನದು. ಬೀಗರು ಮರಳಿದಾಗ, “ನಿಮ್ಮೂರ ಮರಳು ಇಂಜಿನ್ನಿನಾಗ ಮೊದಲ ಕುಂತಿತ್ತು ನೋಡ್ರಿ. ನಾ ಟೈಮಕ್ಕ ಬಿಚ್ಚಿ ತೊಳಸಿದೆ,” ಎಂದುಬಿಟ್ಟೆ! ಗಿರಿಜವ್ವ ಒಳಗೆ ಲೋಟ ಕುಕ್ಕಿದ ಸದ್ದು ಕೇಳಿಸಿತು. ಬೀಗರ ಕಣ್ಣು ತುಂಬಿದವು. “ತಪ್ಪು ನಂದ ಬಿಡ್ರಿ. ನೀವಿದ್ದೀರಿ ಅಂತ ಗಾಡಿ ಉಳೀತು,” ಎಂದರು.

ಅಂದಿನಿಂದ ಪ್ರತಿ ಬೇಸಿಗೆಗೆ ಆ ಉಪಕಾರ ನೆನೆದು ಬೀಗರ ಮನೆಯಿಂದ ಒಂದು ಭರಣಿ ಮಾವಿನ ಉಪ್ಪಿನಕಾಯಿ ಬರುತ್ತದೆ. ಮೇಲೆ ಸರಿಯಾಗಿ ನಾಲ್ಕು ಬೆರಳು ಎಣ್ಣೆ. ಊಟದ ಹೊತ್ತಿಗೆ ಗಿರಿಜವ್ವ ನನ್ನ ತಾಟಿನ ಮುಂದೆ ಭರಣಿ ಇಟ್ಟು, ಪಕ್ಕದಲ್ಲಿ ಒಂದು ಹಸಿ ಗೋಣಿಚೀಲ ಇಟ್ಟು ಹೋಗುತ್ತಾಳೆ!