ಮುನಿಶಾಮಣ್ಣನ ಕಾಗದಗಳೂ ನನ್ನ ಸ್ಕ್ಯಾನರೂ

ಲಿನಕ್ಸ್ ಬಲ್ಲವನಿಗೆ ಸ್ಕ್ಯಾನರ್ ಒಂದು ಲೆಕ್ಕವೇ ಅಲ್ಲ! ಈ ಮಾತನ್ನು ನಾನು ಹೇಳಿದ್ದು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಕಾಫಿ ಲೋಟ ಹಿಡಿದುಕೊಂಡು, ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ. ಒಬ್ಬಳು ನನ್ನ ಹೆಂಡತಿ ಸುಮಿತ್ರ. ಇನ್ನೊಬ್ಬರು ಎದುರು ಮನೆಯ ಮುನಿಶಾಮಣ್ಣ. ಇಬ್ಬರೂ ಇಂದಿಗೂ ಆ ಮಾತನ್ನು ಮರೆತಿಲ್ಲ. ಮರೆಯಿರಿ ಎಂದು ನಾನು ಕೇಳಿಕೊಂಡದ್ದೂ ಆಯಿತು.

ನಾನು ಕೆಜಿಎಫ್‌ನ ಒಂದು ಫ್ಯಾಕ್ಟರಿಯ ಸ್ಟೋರ್ಸ್ ವಿಭಾಗದಲ್ಲಿದ್ದೇನೆ. ನನ್ನ ಲ್ಯಾಪ್‌ಟಾಪ್ ನಡೆಯುವುದು ವಿಂಡೋಸ್‌ನಿಂದಲ್ಲ, ಲಿನಕ್ಸ್ ಎಂಬ ವ್ಯವಸ್ಥೆಯಿಂದ. ಹುಟ್ಟೂರು ಚಿತ್ರದುರ್ಗದ ಕಡೆ, ವಾಸ ಊರಿಗಾಂನ ಬಾಡಿಗೆ ಮನೆಯಲ್ಲಿ. ಮುನಿಶಾಮಣ್ಣ ಕಾಮಸಮುದ್ರದ ಕಡೆಯ ಹಳ್ಳಿಯವರು. ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಭೂಮಿಯ ಕೆಳಗೆ ದುಡಿದವರು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಕಂಪನಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿಸಿಕೊಟ್ಟ ಲೈನ್ ಮನೆಯಲ್ಲೇ ಇದ್ದಾರೆ. ಆದರೆ ಆ ಮನೆ ಅವರ ಹೆಸರಿನಲ್ಲಿಲ್ಲ. ಹೆಸರಿಗೆ ಬರಬೇಕಾದರೆ, ಗಣಿಯಲ್ಲಿ ದುಡಿದದ್ದಕ್ಕೆ ಸಾಕ್ಷಿಯಾದ ಹನ್ನೊಂದು ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಹಾಕಿ, ಬಂಗಾರಪೇಟೆಯ ಕಚೇರಿಗೆ ಅರ್ಜಿಯ ಜೊತೆ ಒಪ್ಪಿಸಬೇಕಿತ್ತು. ಅಂದು ಬುಧವಾರ. ಸೋಮವಾರ ಕೊನೆಯ ದಿನ.

"ರೀ, ರಾಬರ್ಟ್‌ಸನ್‌ಪೇಟೆಯ ಜೆರಾಕ್ಸ್ ಅಂಗಡಿಗೆ ಕಳಿಸಿ. ಹತ್ತು ನಿಮಿಷದ ಕೆಲಸ" ಎಂದಳು ಸುಮಿತ್ರ.

"ಮನೇಲಿ ಸ್ಕ್ಯಾನರ್ ಇದೆ, ಲಿನಕ್ಸ್ ಇದೆ, ಜೊತೆಗೆ ನಾನಿದ್ದೀನಿ!"

"ಅದೇ ಭಯ."

ಮುನಿಶಾಮಣ್ಣ ಮನೆಗೆ ಹೋಗಿ ಬಿಸ್ಕತ್ತಿನ ತಗಡು ಡಬ್ಬ ತಂದರು. ಹನ್ನೊಂದು ಕಾಗದಗಳನ್ನು ಒಂದೊಂದಾಗಿ ಎಣಿಸಿ ನನ್ನ ಕೈಗಿಟ್ಟರು. ಆಮೇಲೆ ಅವರೇ ಕೈ ಚಾಚಿದರು.

"ಟೋಕನ್ ಕೊಡಿ ಸಾರ್."

"ಎಂಥ ಟೋಕನ್?"

"ಗಣಿಗೆ ಇಳಿಯೋಕ್ ಮುಂಚೆ ನಮ್ ನಂಬರ್ ಇರೋ ಇತ್ತಾಳೆ ಟೋಕನ್ನು ಬೋರ್ಡ್‌ಗೆ ಆಕಿ ಓಗ್ತಿದ್ವಿ. ಮ್ಯಾಲಕ್ಕೆ ಬಂದ್ಮ್ಯಾಲೆ ತಕ್ಕಂತಿದ್ವಿ. ಸಿಫ್ಟ್ ಮುಗಿದ್ರೂ ಬೋರ್ಡಲ್ಲಿ ಟೋಕನ್ ಐತೆ ಅಂದ್ರೆ, ಆ ಮನ್ಸ ಇನ್ನೂ ಒಳಗವ್ನೆ ಅಂತ." ಡಬ್ಬದ ಮುಚ್ಚಳ ಒತ್ತುತ್ತಾ ಹೇಳಿದರು: "ನಮ್ಮಣ್ಣನ ಟೋಕನ್ನು ಅಂಗೇ ಉಳ್ಕಂತು."

ನನ್ನ ಮನಸ್ಸಿಗೆ ತುಂಬಾ ಕಷ್ಟವಾಯಿತು. ಜೇಬಿನಲ್ಲಿದ್ದ ಸ್ಕೂಟರ್ ಕೀ ತೆಗೆದು ಅವರ ಕೈಗಿಟ್ಟೆ. ಅವರು ಅದನ್ನು ತಮ್ಮ ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದರು. ರಾತ್ರಿಯೊಳಗೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂಬ ಪೂರ್ಣ ಭರವಸೆ ನನಗಿತ್ತು.

ಸಂಜೆ ಸ್ಕ್ಯಾನರನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ, ಯಾವ ಯಾವ ಸ್ಕ್ಯಾನರ್ ಇವೆ ಪಟ್ಟಿ ಕೊಡು ಎಂದು ಆಜ್ಞೆ ಕೊಟ್ಟೆ. ಒಂದೂ ಇಲ್ಲ ಎಂದು ಉತ್ತರ ಬಂತು. ಸ್ಕ್ಯಾನರ್ ಅದರ ಪಕ್ಕದಲ್ಲೇ ಕೂತಿತ್ತು! ಡ್ರೈವರ್ ಸರಿಯಿಲ್ಲ ಎಂದು ತೀರ್ಮಾನಿಸಿದೆ. ಡ್ರೈವರ್ ಎಂದರೆ ಕಂಪ್ಯೂಟರಿನ ಮಾತನ್ನು ಸ್ಕ್ಯಾನರಿಗೆ ತಿಳಿಸುವ ದುಭಾಷಿ. ನಮ್ಮ ಬೀದಿಯ ಸೊಪ್ಪಿನವಳು ಒಂದೇ ಉಸಿರಿಗೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಚೌಕಾಸಿ ಮಾಡುತ್ತಾಳೆ. ನನ್ನ ದುಭಾಷಿಗೆ ಬಾಯೇ ಇರಲಿಲ್ಲ.

ಗುರುವಾರ ಸ್ಕೂಟರ್ ಇಲ್ಲದೆ ಫ್ಯಾಕ್ಟರಿಗೆ ನಡೆದು ಹೋಗಿ, ನಡೆದು ಬಂದು, ಡ್ರೈವರುಗಳ ಹೆಸರು ಬರೆದಿರುವ ಫೈಲನ್ನು ತೆರೆದೆ. ಅದರಲ್ಲಿ ಯಾವ ಸಾಲಿನ ಮುಂದೆ # ಚಿಹ್ನೆ ಇರುತ್ತದೋ ಆ ಸಾಲು ಮಲಗಿದೆ ಎಂದರ್ಥ. ನಮ್ಮ ಸ್ಕ್ಯಾನರಿನ ಸಾಲು ಯಾವುದು? ಗೊತ್ತಾಗಲಿಲ್ಲ. ಚಿಹ್ನೆಗಳನ್ನು ಅಳಿಸಿ ಎಲ್ಲ ಸಾಲುಗಳನ್ನೂ ಎಬ್ಬಿಸಿಬಿಟ್ಟೆ! ಮತ್ತೆ ಪಟ್ಟಿ ಕೇಳಿದೆ. ಒಂದು ಸಾಧನ ಸಿಕ್ಕಿದೆ ಎಂದಿತು.

ಮುನಿಶಾಮಣ್ಣನನ್ನು ಕೂಗಿ ಕರೆದೆ. ಅವರ ಸರ್ವೀಸ್ ಸರ್ಟಿಫಿಕೇಟನ್ನು ಗಾಜಿನ ಮೇಲಿಟ್ಟು, ಮುಚ್ಚಳ ಮುಚ್ಚಿ, ಗಂಟಲು ಸರಿಮಾಡಿಕೊಂಡು ಆಜ್ಞೆ ಕೊಟ್ಟೆ. ಪರದೆಯ ಮೇಲೆ ಚಿತ್ರ ಮೂಡಿತು. ನಾನು! ಬನಿಯನ್ನಿನಲ್ಲಿ, ಅರ್ಧ ಬಾಯಿ ತೆರೆದುಕೊಂಡು, ದಿಟ್ಟಿಸಿ ನೋಡುತ್ತಿದ್ದೆ. ನಾನು ಎಬ್ಬಿಸಿದ ಸಾಲುಗಳಲ್ಲಿ ಒಂದು ಲ್ಯಾಪ್‌ಟಾಪಿನ ನೆತ್ತಿಯ ಮೇಲಿರುವ ಕ್ಯಾಮೆರಾವನ್ನೂ ಸ್ಕ್ಯಾನರ್ ಎಂದೇ ಪಟ್ಟಿಗೆ ಸೇರಿಸಿತ್ತು.

ಮುನಿಶಾಮಣ್ಣ ಕನ್ನಡಕ ಏರಿಸಿ ನೋಡಿದರು. "ಇದು ನನ್ ಸರ್ವೀಸ್ ಸರ್ಟಿಫಿಕೇಟಾ ಸಾರ್?"

"ಅಲ್ಲ ಮುನಿಶಾಮಣ್ಣ, ಇದು ನನ್ನದು" ಎಂದಳು ಸುಮಿತ್ರ. "ಇಪ್ಪತ್ತೆರಡು ವರ್ಷದ ಸರ್ವೀಸು."

ಶುಕ್ರವಾರ ಫ್ಯಾಕ್ಟರಿಗೆ ತಡವಾಗಿ ತಲುಪಿದೆ. ಶನಿವಾರ ರಾಗಿ ಬೀಸಿಸಲು ಗಿರಣಿಗೆ ಹೋಗಬೇಕಿತ್ತು. ಕೀ ಕೇಳಲು ಎದುರು ಮನೆಗೆ ಹೋದೆ.

"ಕಾಗ್ದ ಮ್ಯಾಲಕ್ಕೆ ಬಂದ್ವಾ ಸಾರ್?"

"ಇನ್ನೂ ಇಲ್ಲ."

"ಅಂಗಾರೆ ಕೀನೂ ಬರಾಕಿಲ್ಲ."

ರಾಗಿ ಡಬ್ಬ ಹೆಗಲ ಮೇಲಿಟ್ಟುಕೊಂಡು ಇಡೀ ಊರಿಗಾಂ ನೋಡುವಂತೆ ನಡೆದೆ. ಕೋಪ ಬಂತು. ಆದರೆ ಆ ಮೊಳೆ ನೆನಪಾದಾಗಲೆಲ್ಲ ಅವರ ಅಣ್ಣನೂ ನೆನಪಾಗುತ್ತಿದ್ದರು, ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಹಿಟ್ಟಿನೊಂದಿಗೆ ಮರಳಿದವನು ಸರಿಯಾದ ಡ್ರೈವರನ್ನು ಹುಡುಕಿ ಹಾಕಿದೆ. ಈಗ ಸ್ಕ್ಯಾನರ್ ಕಾಣಿಸಿತು, ಆದರೆ ಅನುಮತಿ ಇಲ್ಲ ಎಂದಿತು. ಈ ವ್ಯವಸ್ಥೆಯಲ್ಲಿ ಸ್ಕ್ಯಾನರ್ ಮುಟ್ಟಬಲ್ಲವರದ್ದೇ ಒಂದು ಗುಂಪು, ಆ ಗುಂಪಿನಲ್ಲಿ ನನ್ನ ಹೆಸರಿರಲಿಲ್ಲ.

"ಲ್ಯಾಪ್‌ಟಾಪು ನಿಮ್ದು, ಸ್ಕ್ಯಾನರು ನಿಮ್ದು. ಅನುಮತಿ ಯಾರನ್ನ ಕೇಳ್ತಿದ್ದೀರಿ?" ಎಂದಳು ಸುಮಿತ್ರ.

"ನನ್ನನ್ನೇ."

"ಕೊಟ್ರಾ?"

"ಇನ್ನೂ ಕೊಟ್ಟಿಲ್ಲ."

ಭಾನುವಾರ ಮಧ್ಯಾಹ್ನ ಕೊಟ್ಟೆ. ಸ್ಕ್ಯಾನರ್ ಗುರ್ ಎಂದಿತು! ಕರೆಂಟ್ ಬಿಲ್ಲನ್ನು ಎರಡು ಸಲ ಸ್ಕ್ಯಾನ್ ಮಾಡಿ ನೋಡಿದೆ. ಅಕ್ಷರ ಅಕ್ಷರವೂ ಸ್ಪಷ್ಟ. ಬುದ್ಧಿ ಇರುವವನು ಆಗಲೇ ಹನ್ನೊಂದು ಕಾಗದವನ್ನೂ ಮುಗಿಸಿ ಸ್ಕೂಟರ್ ಹತ್ತಿರುತ್ತಿದ್ದ. ನಾನು ಒಂದು ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಸರಮಾಲೆ, ಬರೆದೆ. ಒಂದು ಬಟನ್ ಒತ್ತಿದರೆ ಸಾಕು, ಪಟ್ಟಿಯಲ್ಲಿ ಮೊದಲು ಸಿಗುವ ಸಾಧನವನ್ನು ಹಿಡಿದು, ಪುಟ ತೆಗೆದು, ಹೆಸರಿಟ್ಟು, ತಾನೇ ಪೆನ್‌ಡ್ರೈವ್‌ಗೆ ತುಂಬುತ್ತದೆ. ಕ್ಯಾಮೆರಾದ ಸಾಲನ್ನು ಮತ್ತೆ ಮಲಗಿಸಬೇಕಿತ್ತು. ಸ್ಕ್ಯಾನರೇ ಮೊದಲು ಬರುತ್ತಿದೆಯಲ್ಲ, ಇರಲಿ ಬಿಡು ಎಂದುಕೊಂಡೆ.

ಸೋಮವಾರ ಬೆಳಗ್ಗೆ ರಜೆ ಹಾಕಿ, ಊಟದ ಮೇಜಿನ ಮೇಲೆ ಸಕಲ ಸಿದ್ಧತೆ ಮಾಡಿಕೊಂಡೆ. ಮುನಿಶಾಮಣ್ಣ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿ ಬಂದರು. ಸ್ಕ್ಯಾನ್ ಎಂದರೇನು ಎಂದು ನಾನು ಅವರಿಗೆ ವಿವರಿಸುತ್ತಿದ್ದಾಗ ನನ್ನ ಬೆನ್ನ ಹಿಂದೆ ಸುಮಿತ್ರ ಚಟ್ನಿಗೆಂದು ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಯಾವುದೋ ಪ್ಲಗ್ ಕಿತ್ತು ಮಿಕ್ಸಿ ಹಾಕಿದಳು. ಮಿಕ್ಸಿ ಅರಚತೊಡಗಿತು. ಮುನಿಶಾಮಣ್ಣ ಎರಡೂ ಕೈಯಲ್ಲಿ ಕಾಗದ ಕೊಡುವರು, ನಾನು ಗಾಜಿನ ಮೇಲಿಟ್ಟು ಮುಚ್ಚಿ ಬಟನ್ ಒತ್ತುವೆನು. ಚಿಟಿಕೆ ಹೊಡೆಯುವಷ್ಟರಲ್ಲಿ ಒಂದು ಪುಟ! ನಿನ್ನೆಗಿಂತ ಎಷ್ಟೋ ಪಾಲು ವೇಗ. ಎಲ್ಲ ನನ್ನ ಸ್ಕ್ರಿಪ್ಟಿನ ಮಹಿಮೆ.

"ಸಾರ್, ಸ್ಕ್ಯಾನರ್ ಸೌಂಡೇ ಬರ್ತಿಲ್ವಲ್ಲ?"

"ಮಿಕ್ಸಿ ಗಲಾಟೇಲಿ ಕೇಳಿಸ್ತಿಲ್ಲ ಅಷ್ಟೆ."

ಹನ್ನೊಂದು ಪುಟ ಪೂರ್ಣ ಎಂದು ಪರದೆ ಸಾರಿತು. ಚಟ್ನಿಯೂ ಮುಗಿದಿತ್ತು.

"ಒಂದ್ಸಲ ತೆಗೆದು ನೋಡ್ರೀ" ಎಂದಳು ಸುಮಿತ್ರ.

"ಎರಡು ಸಲ ಪರೀಕ್ಷೆ ಆಗಿರೋದನ್ನ ಮೂರನೇ ಸಲ ನೋಡೋದು ಅಪನಂಬಿಕೆ" ಎಂದೆ. ಸ್ಟೋರ್ಸಿನಲ್ಲಿ ಒಂದು ನಟ್ಟನ್ನೂ ನಾನು ಮೂರು ಸಲ ನೋಡದೆ ಒಳಗೆ ಬಿಟ್ಟವನಲ್ಲ.

ಮುನಿಶಾಮಣ್ಣ ಕಾಗದಗಳನ್ನು ಎಣಿಸಿ ಡಬ್ಬಕ್ಕೆ ಹಾಕಿದರು. ಮನೆಗೆ ಹೋಗಿ ಮೊಳೆಯಿಂದ ಕೀ ತಂದು ಗಂಭೀರವಾಗಿ ನನಗೊಪ್ಪಿಸಿದರು. ಡಬ್ಬವನ್ನು ಚೀಲದಲ್ಲಿಟ್ಟುಕೊಂಡರು.

"ಒರಿಜಿನಲ್ ಯಾಕೆ ಹೊರ್ತೀರಿ? ಮನೇಲಿಡಿ. ಎಲ್ಲ ಪೆನ್‌ಡ್ರೈವಲ್ಲಿದೆ!"

"ಇರ್ಲಿ ಬಿಡಿ ಸಾರ್. ಬಾರ ಏನಿಲ್ಲ."

ಬಂಗಾರಪೇಟೆಯ ಕಚೇರಿಯಲ್ಲಿ ಉದ್ದನೆಯ ಸಾಲಿತ್ತು. ನಮ್ಮ ಸರದಿ ಬಂದಾಗ ಗುಮಾಸ್ತೆಯೊಬ್ಬರು ಪೆನ್‌ಡ್ರೈವ್ ತೆಗೆದುಕೊಂಡು ಮೊದಲ ಪುಟವನ್ನು, ಅಂದರೆ ಸರ್ವೀಸ್ ಸರ್ಟಿಫಿಕೇಟನ್ನು, ತೆರೆಯದೆ ಫೈಲಿನ ಹೆಸರಷ್ಟೇ ನೋಡಿ ಅರ್ಜಿಗೆ ಏರಿಸಿದರು. ಎರಡನೆಯದನ್ನು ತೆರೆದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮತ್ತೆ ಪರದೆ ನೋಡಿದರು.

"ಸಾರ್, ಇದು ನೀವೇ ಅಲ್ವಾ?"

ನಾನೇ. ಬನಿಯನ್ನಿನಲ್ಲಿ. ಅವರು ಒಂದೊಂದೇ ಪುಟ ತೆರೆದರು, ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಮುಂದೆ ಬಂದರು. ನಾಲ್ಕನೆಯ ಪುಟದಲ್ಲಿ ನಾನು ಕಾಫಿ ಕುಡಿಯುತ್ತಿದ್ದೆ. ಏಳನೆಯದರಲ್ಲಿ ಬೆನ್ನು ಕೆರೆದುಕೊಳ್ಳುತ್ತಿದ್ದೆ. ಒಂಬತ್ತನೆಯದರಲ್ಲಿ ಕಿವಿಯೊಳಗೆ ಬೆರಳಿತ್ತು. ಹನ್ನೊಂದನೆಯ ಪುಟದಲ್ಲಿ ಪಕ್ಕಕ್ಕೆ ಬಾಗಿದ್ದೆನಾದ್ದರಿಂದ ಹಿಂದಿನ ಗೋಡೆ ಕಾಣುತ್ತಿತ್ತು. ಮಿಕ್ಸಿ, ಸುಮಿತ್ರ, ಎಕ್ಸ್‌ಟೆನ್ಷನ್ ಬಾಕ್ಸು. ಬಾಕ್ಸಿನಲ್ಲಿ ಒಂದೇ ಒಂದು ವಯರಿತ್ತು. ಅದು ಮಿಕ್ಸಿಯದು. ಸ್ಕ್ಯಾನರಿಗೆ ಕರೆಂಟೇ ಇರಲಿಲ್ಲ, ಪಟ್ಟಿಯಲ್ಲಿ ಉಳಿದಿದ್ದದ್ದು ಕ್ಯಾಮೆರಾ ಒಂದೇ.

ಎಲ್ಲರೂ ನಕ್ಕರು. ಮುನಿಶಾಮಣ್ಣ ನಗಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. "ಇವತ್ತೇ ಕಡೇ ದಿನ ಅಲ್ವಾ ಸಾರ್?" ಎಂದು ಮೆಲ್ಲಗೆ ಕೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಈ ಮನುಷ್ಯನ ಮೂವತ್ತು ವರ್ಷದ ಬದುಕನ್ನು ನಾನು ಒಂದು ಬನಿಯನ್ನಿಗೆ ಇಳಿಸಿಬಿಟ್ಟಿದ್ದೆ.

ಅವರ ಕೈ ಚೀಲದೊಳಗೆ ಹೋಯಿತು. ತಗಡು ಡಬ್ಬ ಹೊರಗೆ ಬಂತು. ಗುಮಾಸ್ತೆ ಹನ್ನೊಂದು ಕಾಗದಗಳನ್ನೂ ತಮ್ಮ ಪಕ್ಕದ ಯಂತ್ರದಲ್ಲಿಟ್ಟು ಹತ್ತೇ ನಿಮಿಷದಲ್ಲಿ ಮುಗಿಸಿದರು.

ನಾನು ತಡೆಯಲಾರದೆ ಕೇಳಿದೆ: "ಮೇಡಂ, ಯಾವ ಡ್ರೈವರ್ ಹಾಕಿದ್ದೀರಿ?"

"ನಂಗೊತ್ತಿಲ್ಲ ಸಾರ್. ಹಸಿರು ಬಟನ್ ಒತ್ತೀನಿ, ಬರುತ್ತೆ. ಒಂದು ಮಾತು. ನಿಮ್ಮ ಮೊದಲನೇ ಫೋಟೋ ಆಗ್ಲೇ ಏರಿಬಿಟ್ಟಿದೆ, ನಮಗೆ ತೆಗೆಯೋಕೆ ಬರಲ್ಲ. ಅದರ ಕೆಳಗೆ ಇವೆಲ್ಲ ಸೇರಿಸಿದೀನಿ. ಅರ್ಜಿಗೇನೂ ತೊಂದ್ರೆ ಇಲ್ಲ."

ಮುಂದಿನ ತಿಂಗಳು ಒಂದು ಭಾನುವಾರ, ಮನೆ ನೋಡಿ ವರದಿ ಬರೆಯಲು ಒಬ್ಬ ಅಧಿಕಾರಿ ಬಂದರು. ಗೋಡೆ, ಛಾವಣಿ, ಕಾಗದ ಎಲ್ಲ ನೋಡಿ ಸರಿಯಿದೆ ಎಂದು ಬರೆದುಕೊಂಡರು. ಮುನಿಶಾಮಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ನಾನು ನಮ್ಮ ಮೆಟ್ಟಿಲ ಮೇಲೆ ನಿಂತು ಸಂತೋಷದಿಂದ ನೋಡುತ್ತಿದ್ದೆ. ಆಗ ಅಧಿಕಾರಿ ಫೈಲಿನ ಮೊದಲ ಹಾಳೆ ತಿರುಗಿಸಿದರು, ತಲೆ ಎತ್ತಿದರು, ಬೀದಿಯಾಚೆ ನನ್ನನ್ನೇ ದಿಟ್ಟಿಸಿದರು.

"ಮುನಿಶಾಮಣ್ಣನವರೇ, ಈ ಫೈಲಲ್ಲಿ ಅವರದ್ಯಾಕೆ ಫೋಟೋ ಇದೆ?"

ಮುನಿಶಾಮಣ್ಣ ಒಂದು ಚೂರೂ ನಗದೆ ಹೇಳಿದರು: "ಅದು ಟೋಕನ್ ಸಾರ್. ಅವ್ರು ಒಳಗೋದೋರು, ಇನ್ನೂ ಈಚೆಗೆ ಬಂದಿಲ್ಲ."

ನಾನು ಮನೆಯೊಳಗೆ ಹೋಗಿ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡೆ.